ಹುಡುಗಿಯ ತಲೆದೆಸೆಯ ಜಾಡಿ

ನಾನು ಕೊರಿಯಾ ದೇಶದ ಒಂದು ಜಾಡಿ. ವಯಸ್ಸು ಸಾವಿರದೈನೂರರ ಮೇಲೆ. ಗುಡ್ಡದ ಇಳಿಜಾರಿನ ಆವಿಗೆಯಲ್ಲಿ ಕಲ್ಲಿನಷ್ಟು ಗಟ್ಟಿಯಾಗುವವರೆಗೆ ಬೇಯಿಸಿದರು. ಉರಿಯಲ್ಲಿ ಬೂದಿ ಹಾರಿ ಬಂದು ನನ್ನ ಹೆಗಲ ಮೇಲೆ ಕುಳಿತು, ಕರಗಿ, ಹಸಿರು ಹೊಳಪಾಯಿತು. ಈಗ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುವುದು ಆ ಹೊಳಪನ್ನೇ. ನೋಡಲಿ. ನನ್ನನ್ನು ಮಾಡಿದ್ದು ಅದಕ್ಕಲ್ಲ.

ಮಾಡಿದ್ದು ತೀರಿಕೊಂಡ ಒಬ್ಬ ಪುಟ್ಟ ಹುಡುಗಿಯ ಊಟಕ್ಕೆ. ಸತ್ತವರಿಗೂ ಹಸಿವಾಗುತ್ತದೆ ಎಂಬುದು ಆ ಜನರ ನಂಬಿಕೆ. ತಾಯಿ ನನ್ನೊಳಗೆ ನವಣೆ, ಒಣಮೀನು ತುಂಬಿ ಮಗಳ ತಲೆದೆಸೆಯಲ್ಲಿಟ್ಟಳು. "ನಾಚ್ಕೋಬೇಡ ಕಣೇ, ಹೊಟ್ಟೆ ತುಂಬ ತಿನ್ನು" ಎಂದಳು. ಮೇಲೆ ಕಲ್ಲು, ಮಣ್ಣು ಬಿದ್ದು ದಿಬ್ಬವಾಯಿತು. ಅಂದಿನಿಂದ ಆ ಊಟ ಕಾಯುವುದೇ ನನ್ನ ಕೆಲಸವಾಯಿತು.

ಎಷ್ಟೋ ಕಾಲದ ಮೇಲೆ ಗೋರಿ ಅಗೆದು ಕದಿಯುವ ಮಾನ್ಸೊಕ್ ಬಂದ. ಆಗ ಜಪಾನಿಯರ ಆಳ್ವಿಕೆ. ಹಳೆಯ ಮಡಕೆಗಳಿಗೆ ಗಿರಾಕಿಗಳು ಹುಟ್ಟಿಕೊಂಡಿದ್ದರು. ಅವನು ಉದ್ದನೆಯ ಕಬ್ಬಿಣದ ಸರಳನ್ನು ದಿಬ್ಬಕ್ಕೆ ಚುಚ್ಚಿ ಚುಚ್ಚಿ ಕಿವಿಗೊಡುತ್ತಿದ್ದ. ಅದು ನನಗೆ ತಗುಲಿ ಠಣ್ ಎಂದಿತು. ಅಗೆದು, ನನ್ನನ್ನೆತ್ತಿ ಬೋರಲು ಹಾಕಿ, ಕಪ್ಪಾಗಿದ್ದ ನವಣೆಯನ್ನು ಮಗುವಿನ ಮೂಳೆಗಳ ಮೇಲೇ ಕೊಡವಿದ. "ಥೂ, ಕೊಳಕು" ಎಂದು ಉಗಿದ. ಕೊಳಕಂತೆ. ಅವನ ಬೆರಳುಗಳನ್ನು ನೆನೆದರೆ ಇಂದಿಗೂ ನನಗೆ ಹೇಸಿಗೆಯಾಗುತ್ತದೆ.

ಮನೆಯಲ್ಲಿ ಅವನ ಹೆಂಡತಿ ಓಕ್ಬುನ್ ಹೊಸಿಲಲ್ಲೇ ತಡೆದಳು. ಗೋರಿಯ ಪಾತ್ರೆಯನ್ನು ಆ ಕಡೆಯವರು ಒಳಗೆ ತರುತ್ತಿರಲಿಲ್ಲ.

"ಚಿಕ್ಕ ಮಗೂದು ಗೋರಿ. ಚಿನ್ನಗಿನ್ನ ಏನೂ ಸಿಗ್ಲಿಲ್ಲ" ಎಂದು ಅವನು ಗೊಣಗಿದ.

"ಹಾಗಾದ್ರೆ ಅದು ಆ ಮಗೂನ ಊಟ. ಎಲ್ಲಿತ್ತೋ ಅಲ್ಲೇ ಇಟ್ಟು ಬನ್ನಿ."

"ಸತ್ತೋರಿಗೆಂಥ ಹಸಿವೇ? ನಾಳೆ ವ್ಯಾಪಾರಿ ಬರ್ತಾನೆ. ಬಾಯ್ಮುಚ್ಕೊಂಡಿರು."

ನನ್ನನ್ನು ಹಂದಿಗೂಡಿನ ಪಕ್ಕ ಇಟ್ಟ. ಆ ನಾತವನ್ನಾದರೂ ಸಹಿಸಿಕೊಂಡೆ. ಅವನಿಗಿಂತ ಹಂದಿ ಎಷ್ಟೋ ವಾಸಿ.

ಮರುದಿನ ಅಂಗಳದಲ್ಲಿ ಊಟಕ್ಕೆ ಕುಳಿತಾಗ ಓಕ್ಬುನ್ ಸೋರೆಬುರುಡೆಯಲ್ಲಿ ಉಣ್ಣುತ್ತಿದ್ದಳು. ಅಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಅನ್ನದ ಬಟ್ಟಲು. ಒಬ್ಬರದರಲ್ಲಿ ಇನ್ನೊಬ್ಬರು ಉಣ್ಣುವುದಿಲ್ಲ.

"ನಿನ್ನ ಬಟ್ಟಲೆಲ್ಲಿ?" ಮಾನ್ಸೊಕ್ ಕೇಳಿದ.

"ಒಡೆದುಹೋಯ್ತು."

ಅವನು ಉಂಡು ಎದ್ದುಹೋದ ಮೇಲೆ ಅವಳು ನನ್ನ ಬಳಿ ಕುಳಿತು, ಲಂಗದ ಅಂಚಿನಿಂದ ನನ್ನ ಮೈ ಒರೆಸಿದಳು.

"ನಿನ್ನ ಅಲ್ಲಿಗೆ ಹೊತ್ಕೊಂಡು ಹೋದ್ರೆ ನಮ್ಮೋರು ನನ್ನ ಜೀವ ತೆಗೀತಾರೆ" ಎಂದು ಪಿಸುಗುಟ್ಟಿದಳು. "ನನ್ನ ಬಟ್ಟಲಲ್ಲೇ ಅನ್ನ ಹಾಕಿ ಆ ಗುಂಡೀಲಿಟ್ಟು, ಮಣ್ಣು ಮುಚ್ಚಿ ಬಂದಿದೀನಿ. ಉಣ್ಲಿ, ಪಾಪ."

ನನ್ನನ್ನು ಮುಟ್ಟಿದವರಲ್ಲಿ ಆ ತಾಯಿಯ ನಂತರ ಮನುಷ್ಯಳೆನ್ನಬಹುದಾದವಳು ಇವಳೊಬ್ಬಳೇ.

ವ್ಯಾಪಾರಿ ನನ್ನ ಹೊಟ್ಟೆಯೊಳಗೆ ತಂತಿ ಬ್ರಷ್ ಆಡಿಸಿ, ತಳಕ್ಕೆ ಅಂಟಿದ್ದ ಕಾಳನ್ನೂ ಕೆರೆದು ಎಸೆದ. ಅವನಿಂದ ಕೊಂಡ ಸಾಹುಕಾರ ನನ್ನಲ್ಲಿ ಹೆಂಡ ತುಂಬಿ, "ರಾಜರ ಕಾಲದ್ದು, ಕುಡೀರಿ" ಎಂದು ಅತಿಥಿಗಳಿಗೆ ಬಗ್ಗಿಸಿದ. ಕುಡಿದವನೊಬ್ಬ ನನ್ನೊಳಗೇ ವಾಂತಿ ಮಾಡಿಕೊಂಡ. ಮಗುವಿನ ಅನ್ನವಿದ್ದ ಜಾಗದಲ್ಲಿ. ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಸಹ್ಯಕ್ಕೂ ಒಂದು ಮಿತಿ ಬೇಡವೇ?

ಸಾಹುಕಾರ ಸತ್ತ ಮೇಲೆ ವಸ್ತುಸಂಗ್ರಹಾಲಯಕ್ಕೆ ಬಂದೆ. ಈಗ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಮುಪ್ಪಿನಲ್ಲಿ ಇಷ್ಟು ನೆಮ್ಮದಿ ಸಿಕ್ಕಿತಲ್ಲ ಎಂದು ಯಾರಾದರೂ ಅಂದಾರು. ಪಕ್ಕದಲ್ಲೇ ಒಂದು ಚಿನ್ನದ ಕಿರೀಟವಿದೆ. ಅದರ ಮುಂದೆ ಸದಾ ನೂಕುನುಗ್ಗಲು. ನನಗೆ ಅದರ ಮೇಲೆ ಹೊಟ್ಟೆಕಿಚ್ಚಿಲ್ಲ. ಹೊಟ್ಟೆಕಿಚ್ಚೆಲ್ಲ ದಿಬ್ಬದಡಿ ಓಕ್ಬುನ್ ಇಟ್ಟ ಆ ಅಗ್ಗದ ಬಟ್ಟಲಿನ ಮೇಲೆ. ಅಂಥದ್ದಕ್ಕಾಗಿ ಯಾರೂ ಅಗೆಯುವುದಿಲ್ಲ. ನನ್ನ ಹುಡುಗಿ ಅದರಲ್ಲಿ ಉಣ್ಣುತ್ತಿದ್ದಾಳೆ.