ಬೀಗದಣ್ಣನ ಮಗ

ಅಪ್ಪನ ನೆನಪಿಗೆಂದು ವಾಚನಾಲಯದ ಹಾಲಿನಲ್ಲಿ ಸಭೆ ನಡೆದಾಗ ಎಲ್ಲರಿಗಿಂತ ಹೆಚ್ಚು ಅತ್ತವರು ದರ್ಜಿ. "ಹೆಂಡತಿ ಹೋದಾಗಿಂದ ನನ್ನ ಮನೆ ಕೀ ಬೀಗದಣ್ಣನ ಹತ್ರಾನೇ ಇತ್ತು. ಒಂದು ದಿನಾನಾದ್ರೂ ನಂಗೆ ಚಿಂತೆ ಆಗಿದ್ರೆ ಕೇಳಿ!" ಎಂದು ಮೈಕಿನ ಮುಂದೆಯೇ ಮೂಗು ಒರೆಸಿಕೊಂಡರು. ಮರುದಿನ ಬೆಳಿಗ್ಗೆ ನಾನು ಅಂಗಡಿಯ ಷಟರ್ ಅರ್ಧ ಎತ್ತಿದ್ದೆ ಅಷ್ಟೆ, ಅದೇ ದರ್ಜಿ ಬಗ್ಗಿಕೊಂಡು ಒಳಗೆ ಬಂದು ಕೀ ವಾಪಸು ಕೇಳಿದರು.

"ಬೇರೇನಿಲ್ಲ ಕಣಮ್ಮ. ನಿಮಗ್ಯಾಕೆ ಸುಮ್ನೆ ತೊಂದರೆ ಅಂತ."

ಮಧ್ಯಾಹ್ನದೊಳಗೆ ಇನ್ನೂ ಮೂರ್ನಾಲ್ಕು ಜನ ಬಂದರು. ಒಬ್ಬರಿಗೆ ಊರಿಂದ ಮಗಳು ಬರುವವಳಿದ್ದಳು, ಇನ್ನೊಬ್ಬರಿಗೆ ಬಾಗಿಲೇ ಬದಲಾಯಿಸುವುದಿತ್ತು. ಎಲ್ಲರೂ ನನ್ನ ಮುಖ ಬಿಟ್ಟು ಗೋಡೆ ನೋಡಿಕೊಂಡು ಮಾತಾಡಿದರು. ನನಗೆ ಮೈಯೆಲ್ಲ ಉರಿಯಿತು. ಸತ್ತವನನ್ನು ಬಾಯಿ ತುಂಬಾ ಹೊಗಳಿ ಇನ್ನೂ ಒಂದು ದಿನ ಕಳೆದಿರಲಿಲ್ಲ.

ನಮ್ಮದು ತಾತನ ಕಾಲದ ಬೀಗದ ಅಂಗಡಿ. ಅಪ್ಪನಿಗೆ ಬೀಗ ಹೊಟ್ಟೆಪಾಡು, ಆದರೆ ಆತ ಬದುಕಿದ್ದು ಬಾಗಿಲು ತೆರೆಯುವುದಕ್ಕೆ. ಒಮ್ಮೆ ಯಾರದೋ ಮನೆಯ ಬೀಗ ಒಡೆಯಲು ಕರೆ ಬಂದಿತ್ತು. ಅಪ್ಪ ಒಡೆದು ಒಳಗೆ ಹೋದರೆ ಬಚ್ಚಲಲ್ಲಿ ಜಾರಿ ಬಿದ್ದ ಮುದುಕರೊಬ್ಬರು ಆಗಲೇ ತಣ್ಣಗಾಗಿದ್ದರು. ಅಂದಿನಿಂದ ಒಂಟಿಯಾಗಿ ಬದುಕುವವರ ಮನೆಗಳಿಗೆ ತಾನೇ ಹೋಗಿ, ಒಪ್ಪಿದವರಿಂದ ಇನ್ನೊಂದು ಕೀ ತಂದಿಟ್ಟುಕೊಂಡ. ಬೆಳಿಗ್ಗೆ ಎಲ್ಲರಿಗೂ ಫೋನ್ ಮಾಡುತ್ತಿದ್ದ. ಯಾರಾದರೂ ಎತ್ತದಿದ್ದರೆ ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟು ಓಡುತ್ತಿದ್ದ. ಬಾಗಿಲು ಬಡಿದು, ಕೂಗಿ, ಆಮೇಲೆ ಕೀ ಹಾಕುವುದು. ಅವನು ಹೀಗೆ ಆಸ್ಪತ್ರೆಗೆ ಹೊತ್ತುಕೊಂಡು ಹೋದವರಲ್ಲಿ ದರ್ಜಿಯೂ ಒಬ್ಬರು. ಮನೆಯಲ್ಲಿ ಮಾತ್ರ ನಲ್ಲಿ ಸೋರುತ್ತಿದೆ ಎಂದು ಅಮ್ಮ ವರ್ಷವಿಡೀ ಹೇಳಿದರೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಊರಿಗೆಲ್ಲ ಬೇಕಾದವನು ಮನೆಗೆ ಸಿಗಲ್ಲ ಎಂದು ಅಮ್ಮ ಗೊಣಗುತ್ತಿದ್ದಳು.

ಅಪ್ಪ ಹೋದ ಮೇಲೆ ಅದನ್ನೆಲ್ಲ ತಮ್ಮ ವಹಿಸಿಕೊಂಡ. ಗಲ್ಲಾದ ಮೇಲೆ ಕೂರುವವಳು ನಾನಾದರೂ ಕಸುಬು ಕೈಗೆ ಹತ್ತಿದ್ದು ಅವನಿಗೆ. ಆದರೆ ತಮ್ಮನ ಬೆನ್ನಿಗೊಂದು ಹಳೇ ಕಥೆ ಅಂಟಿಕೊಂಡಿತ್ತು. ಓದು ಅರ್ಧಕ್ಕೆ ಬಿಟ್ಟು, ಯಾರಿಗೂ ಹೇಳದೆ ಎಲ್ಲಿಗೋ ಹೋಗಿ, ಕೆಲವು ವರ್ಷ ಕಳೆದು ಗಡ್ಡ ಬಿಟ್ಟುಕೊಂಡು ಬಂದಿದ್ದ. ಅಪ್ಪ ಒಂದು ಪ್ರಶ್ನೆ ಕೇಳದೆ ಅವನನ್ನು ಕೀ ಕತ್ತರಿಸುವ ಮೆಷಿನ್ ಮುಂದೆ ಕೂರಿಸಿದ್ದ. ಕೇಳಬೇಕೆಂದಿದ್ದ ಅಮ್ಮನಿಗೆ ಧೈರ್ಯ ಬರಲಿಲ್ಲ. ಊರಿನವರು ಕೇಳಲಿಲ್ಲ, ತಾವೇ ಉತ್ತರ ಕಟ್ಟಿಕೊಂಡರು.

ಇಷ್ಟು ದಿನ ಇಲ್ಲದ ಭಯ ಈಗ ಎಲ್ಲಿಂದ ಹುಟ್ಟಿತೆಂದು ಹುಡುಕಿಕೊಂಡು ಹೋದರೆ, ಅದರ ಬುಡ ಸಿಕ್ಕಿದ್ದು ನಿವೃತ್ತ ಟೀಚರ್ ಮನೆಯಲ್ಲಿ.

"ನಾನು ಯಾರ ಹತ್ರಾನೂ ಏನೂ ಅಂದಿಲ್ಲಮ್ಮ," ಎಂದರು ಅವರು, ನಾನು ಚಪ್ಪಲಿ ಬಿಡುವ ಮೊದಲೇ. "ಮೊನ್ನೆ ಸ್ನಾನ ಮುಗಿಸಿ ಬಂದ್ರೆ ನಿನ್ನ ತಮ್ಮ ಹಾಲಲ್ಲಿ ನಿಂತಿದ್ದ. ಎದೆ ಝಲ್ ಅಂತು. ಕಿರುಚಿಬಿಟ್ಟೆ."

"ಫೋನ್ ಎತ್ತಲಿಲ್ಲ ಅಂತ ಬಂದಿದ್ದಾನೆ, ಟೀಚರ್. ಬಾಗಿಲು ಬಡಿದಿದ್ದಾನೆ."

"ಬಡಿದಿರಬಹುದು. ನಲ್ಲಿ ಸದ್ದಲ್ಲಿ ನಂಗೆ ಕೇಳಲಿಲ್ಲ."

"ಅಪ್ಪಾನೂ ಹಾಗೇ ಬರ್ತಿರಲಿಲ್ವಾ?"

"ಬರ್ತಿದ್ದ. ಅವನಿಗೆ ಕಾಫಿ ಮಾಡಿಕೊಡ್ತಿದ್ದೆ." ದನಿ ತಗ್ಗಿಸಿದರು. "ಏನೂ ಕಳೆದಿಲ್ಲ, ಆ ಮಾತು ಆಡಬಾರದು. ಆದ್ರೆ ಈ ಕುರ್ಚಿ ಇಲ್ಲಿರಲಿಲ್ಲ. ಆ ಕಡೆ ಇತ್ತು."

ಬಿದ್ದಿದ್ದಾರೇನೋ ಎಂದು ಬಚ್ಚಲಿಗೆ ಓಡುವವನ ಕಾಲಿಗೆ ಕುರ್ಚಿ ತಾಗಿರಬೇಕು. ಅಷ್ಟಕ್ಕೇ ಊರವರು ಉಪ್ಪು ಖಾರ ಹಚ್ಚಿದ್ದರು. ಹಾಲು ಹಾಕುವವನ ಬಾಯಲ್ಲಿ ಕುರ್ಚಿ ಬೀರುವಾಯಿತು, ದರ್ಜಿಯ ಬಾಯಲ್ಲಿ ಬೀರುವಿನ ಬಾಗಿಲು ತೆರೆದುಕೊಂಡಿತು.

ನನ್ನ ಕೋಪ ನಿಜ. ಆದರೆ ಅನುಮಾನ ನೆಗಡಿಯ ಹಾಗೆ, ಬೈಯುತ್ತ ನಿಂತವರಿಗೂ ಹತ್ತುತ್ತದೆ. ಆ ಸಂಜೆ ತಮ್ಮ ಅಂಗಡಿಯಿಂದ ಹೊರಟಾಗ ಅವನ ಹೆಗಲ ಚೀಲ ಯಾಕೆ ಅಷ್ಟು ಉಬ್ಬಿದೆ ಎಂದು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಚೀಲ ತೆರೆದು ತೋರಿಸಿದ. ಒಳಗಿದ್ದದ್ದು ಒಂದು ಹೊಸ ನಲ್ಲಿ.

"ಅಮ್ಮನ ಅಡುಗೆಮನೆಗೆ," ಎಂದ.

ನನಗೆ ನಾಚಿಕೆಯಾಯಿತು. ಮನೆಗೆ ಬಂದು ಅಮ್ಮನ ಮುಂದೆ ದರ್ಜಿಯಿಂದ ಟೀಚರ್ ತನಕ ಎಲ್ಲರನ್ನೂ ಹಿಗ್ಗಾಮುಗ್ಗ ಜಾಡಿಸಿದೆ. ಅಮ್ಮ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು.

ಮರುದಿನ ಅವಳು ಅಂಗಡಿಗೆ ಬಂದಳು. ಸೆರಗಿನ ಮರೆಯಿಂದ ಬಟ್ಟೆ ಸುತ್ತಿದ ಗಂಟು ತೆಗೆದು ಕೌಂಟರಿನ ಮೇಲಿಟ್ಟಳು. ನಮ್ಮ ಮನೆಯ ಮುಂಬಾಗಿಲಿನ ಬೀಗ, ಪಕ್ಕದ ಬಡಗಿಯಿಂದ ಬಿಚ್ಚಿಸಿಕೊಂಡು ತಂದದ್ದು. ಬಾಗಿಲು ಎಳೆದುಕೊಂಡರೆ ತಾನಾಗಿಯೇ ಬೀಳುವ ಜಾತಿಯದು. ತಮ್ಮ ಆ ಹೊತ್ತಿಗೆ ಹೊರಗಿರುತ್ತಾನೆಂದು ಅವಳ ಲೆಕ್ಕ. ಆದರೆ ಅಷ್ಟರಲ್ಲಿ ಉಳಿದವರೂ ಕೀ ಒಯ್ದು ಹೋಗಿ ನೋಡಲು ಮನೆಗಳೇ ಉಳಿದಿರಲಿಲ್ಲವಲ್ಲ, ಅವನು ಒಳಗೇ ಇದ್ದ. ಅವನನ್ನು ಕಂಡು ಅಮ್ಮನ ಕೈ ಬೀಗದ ಮೇಲೆಯೇ ನಿಂತಿತು.

"ಏನಾಗಿದೆ ಇದಕ್ಕೆ?" ತಮ್ಮ ಬೀಗ ಎತ್ತಿಕೊಂಡ.

"ಹಳೇದಾಯ್ತು. ಒಳಗಿಂದು ಬದಲಾಯಿಸಿ ಬೇರೆ ಕೀ ಮಾಡಿಕೊಡು."

"ಎಷ್ಟು ಮಾಡ್ಲಿ?"

ಅಪ್ಪ ಹೋದ ಮೇಲೆ ಮನೆಯಲ್ಲಿ ಇರುವವರು ನಾವು ಮೂವರು. ಅಮ್ಮ ನನ್ನ ಕಡೆ ನೋಡಿದಳು. ನಾನು ಏನಾದರೂ ಹೇಳಬೇಕಿತ್ತು.

"ಎರಡು ಸಾಕು," ಎಂದಳು ಅಮ್ಮ. ಆಮೇಲೆ ಗೋಡೆಯ ಕಡೆ ತಿರುಗಿ, "ನೀನು ಬರೋ ಹೊತ್ತಿಗೆ ಹೇಗೂ ನಾನು ಮನೇಲೇ ಇರ್ತೀನಲ್ಲ," ಎಂದಳು.

ತಮ್ಮ ಬೀಗದ ಒಳಭಾಗ ಬದಲಾಯಿಸಿದ. ಮೆಷಿನ್ ಹಾಕಿ ಎರಡು ಕೀ ಕತ್ತರಿಸಿದ. ಅಂಚು ಚುಚ್ಚಬಾರದೆಂದು ಅರದಿಂದ ನಿಧಾನವಾಗಿ ಉಜ್ಜಿದ. ಎರಡನ್ನೂ ತಿರುಗಿಸಿ ನೋಡಿ, ಒಂದನ್ನು ಅಮ್ಮನಿಗೆ ಕೊಟ್ಟು ಇನ್ನೊಂದನ್ನು ನನ್ನ ಮುಂದಿಟ್ಟ. ನಾನು ತೆಗೆದುಕೊಂಡೆ. ಅಪ್ಪ ಇದ್ದಿದ್ದರೆ ಏನು ಮಾಡುತ್ತಿದ್ದ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ತೆಗೆದುಕೊಂಡೆ.

ಆಮೇಲೆ ಅವನೇ ಸ್ಕ್ರೂ ಡ್ರೈವರ್ ಹಿಡಿದು ಅಮ್ಮನ ಜೊತೆ ಮನೆಗೆ ಹೋಗಿ ಬೀಗ ಕೂರಿಸಿ ಬಂದ.

ಸಂಜೆ ನಾನು ಮೊದಲು ಮನೆ ಸೇರಿದ್ದೆ. ಕತ್ತಲಾಗುವ ಹೊತ್ತಿಗೆ ಬೆಲ್ ಸದ್ದಾಯಿತು. ಅಮ್ಮ ಬಾಗಿಲ ತನಕ ಹೋದಳು, ಚಿಲಕದ ಮೇಲೆ ಕೈಯಿಟ್ಟಳು.

"ಯಾರು?" ಎಂದು ಕೇಳಿದಳು.

"ನಾನಮ್ಮ," ಎಂದ ತಮ್ಮ. "ಬೀಗದಣ್ಣನ ಮಗ."