ನೀಲಿ ಮುಚ್ಚಳದಕ್ಕನ ರಕ್ತ

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳೆಲ್ಲ ಅವಳೊಬ್ಬಳದೇ ಜವಾಬ್ದಾರಿ. ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ನೀಲಿ ಮುಚ್ಚಳದಕ್ಕ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಗೆರೆ ಮುಟ್ಟದಿದ್ದರೆ ಸಾಕು, ಫೋನಿನಲ್ಲೇ ವಾರ್ಡಿನವರ ಬೆವರಿಳಿಸುತ್ತಿದ್ದಳು. ಇಪ್ಪತ್ತಾರು ವರ್ಷ ಹೀಗೆ ಬೈದೂ ಬೈದೂ, ಅವಳ ಪಕ್ಕ ಕೂತು ಊಟ ಮಾಡುವವರು ಯಾರೂ ಉಳಿದಿರಲಿಲ್ಲ.

ಅಂಥವಳಿಗೇ ಗರ್ಭಕೋಶದ ಆಪರೇಷನ್ ನಿಗದಿಯಾಯಿತು. ತಾಯಿ ಹೆರಿಗೆಯಲ್ಲಿ ರಕ್ತ ನಿಲ್ಲದೆ ಸತ್ತದ್ದನ್ನು ಕೇಳಿದ ಡಾಕ್ಟರು, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರುಗಳನ್ನು ನೋಡದೆ ಚಾಕು ಹಿಡಿಯುವುದಿಲ್ಲ ಎಂದರು.

ಬೈಸಿಕೊಂಡವರ ಮುಂದೆ ಹೋಗಿ ತೋಳು ಚಾಚುವುದೇ? ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು, ರಬ್ಬರ್ ಪಟ್ಟಿಯನ್ನು ಹಲ್ಲಿನಿಂದ ಎಳೆದು ಬಿಗಿದು, ತಾನೇ ಚುಚ್ಚಿಕೊಂಡಳು. ಗಾಬರಿಯಲ್ಲಿ, ಬೇರೆ ಪರೀಕ್ಷೆಗೆಂದಿದ್ದ ನೇರಳೆ ಮುಚ್ಚಳದ ಟ್ಯೂಬನ್ನೇ ಮೊದಲು ತುಂಬಿದಳು. ನೀಲಿಯದು ಅರ್ಧವಾಗುವಷ್ಟರಲ್ಲಿ ಸೂಜಿ ಜಾರಿತು. ಮತ್ತೆ ಚುಚ್ಚಿಕೊಳ್ಳಲು ಧೈರ್ಯ ಸಾಲದೆ, ನೇರಳೆಯದರಿಂದ ನೀಲಿಗೆ ಸುರಿದು ಗೆರೆ ಮುಟ್ಟಿಸಿದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದರೆ ಇದೇ.

ರಕ್ತ ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ನೀಲಿ ಟ್ಯೂಬಿನ ಔಷಧ ಅದನ್ನು ಮೆಲ್ಲಗೆ ಹಿಡಿದಿರುತ್ತದೆ, ಪರೀಕ್ಷೆಯಲ್ಲಿ ಮತ್ತಷ್ಟು ಕ್ಯಾಲ್ಸಿಯಂ ಹಾಕಿದರೆ ರಕ್ತ ಗಟ್ಟಿಯಾಗುತ್ತದೆ. ನೇರಳೆಯದು ಉಡದ ಪಟ್ಟು. ಹಾಕಿದ್ದನ್ನೂ ಹಿಡಿದುಕೊಂಡು, ಇರುವ ಫ್ಯಾಕ್ಟರನ್ನೂ ಇಲ್ಲವೆನಿಸುತ್ತದೆ. ನೂರರ ಆಸುಪಾಸಿನಲ್ಲಿರಬೇಕಾದ ಎಂಟನೆಯ ಫ್ಯಾಕ್ಟರು ಆರು ಎಂದು ಬಂತು. ಐದನೆಯದೂ ನೆಲ ಕಚ್ಚಿತ್ತು.

ಬೇರೆಯವರದಾಗಿದ್ದರೆ ಸುಳ್ಳು ರಿಪೋರ್ಟೆಂದು ಆಚೆ ಎಸೆಯುತ್ತಿದ್ದಳು. ಈಗ ಬುದ್ಧಿ ಹೇಳಿದ್ದನ್ನು ಎದೆ ಕೇಳಲೊಲ್ಲದು. ಅಮ್ಮನದೇ ರಕ್ತವಲ್ಲವೇ ತನ್ನದೂ? ನಿಜ ಏನೆಂದು ಸರಿಯಾಗಿ ತೆಗೆದ ರಕ್ತವೇ ಹೇಳಬೇಕು, ಅದಕ್ಕೆ ಇನ್ನೊಬ್ಬರ ಕೈ ಬೇಕು.

ರಕ್ತ ತೆಗೆಯುವ ಕೌಂಟರಿನ ಹೆಂಗಸಿನ ಮುಂದೆ ಹೋಗಿ ಕೂತಳು.

"ನನ್ನ ರಕ್ತ ತೆಗೀತೀಯಾ?"

"ನಾನಾ? ಹೋದ ವಾರ ತಾನೇ ನನ್ನ ಕೈಗೆ ಬೆಂಕಿ ಹಾಕ ಅಂದಿದ್ರಿ!"

"ಅಂದಿದ್ದೆ. ಈಗ ತೆಗಿ. ಹೆದರಿಕೆ ಆಗ್ತಿದೆ ಕಣೆ."

ಆ ಹೆಂಗಸು ತೋಳಿಗೆ ಪಟ್ಟಿ ಕಟ್ಟಿದಳು. ಮೊದಲು ನೀಲಿಯದನ್ನೇ ಗೆರೆ ಮುಟ್ಟುವಂತೆ ತುಂಬಿ, ಮೆಲ್ಲಗೆ ತಿರುಗಿಸಿ ಬೆರೆಸಿದಳು.

"ಆಪರೇಷನ್ನಿಗೆ ಜೊತೆಗ್ಯಾರು ಬರ್ತಾರಕ್ಕಾ?"

"ಯಾರೂ ಇಲ್ಲ."

ಮಧ್ಯಾಹ್ನ ಫಲಿತಾಂಶ ಬಂತು. ಎಂಟನೆಯದು ತೊಂಬತ್ತೆರಡು, ಐದನೆಯದು ನೂರ ಒಂದು. ಹೋದ ಜೀವ ಬಂದಂತಾಯಿತು. ಯಾರಿಗಾದರೂ ಹೇಳಬೇಕೆಂದು ಗಕ್ಕನೆ ತಿರುಗಿದಳು. ಫ್ರಿಜ್ಜು ಗುಂಯ್‌ಗುಡುತ್ತಿತ್ತು, ಕುರ್ಚಿಗಳು ಖಾಲಿಯಿದ್ದವು. ಕೆಟ್ಟ ಸುದ್ದಿಯನ್ನು ಒಬ್ಬಳೇ ಹೇಗೋ ನುಂಗಬಹುದಿತ್ತು, ಒಳ್ಳೆಯದನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳಿಗೆ ಅಳು ಬಂತು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಕೌಂಟರಿನ ಹೆಂಗಸು.

"ಅಕ್ಕಾ, ನಿಮ್ಮ ರಿಪೋರ್ಟ್ ಏನಾಯ್ತು?"

ಇಪ್ಪತ್ತಾರು ವರ್ಷದಿಂದ ಜನ ಅವಳನ್ನು ರಿಪೋರ್ಟ್ ಏನಾಯ್ತೆಂದು ಕೇಳಿದ್ದರು, ಯಾವತ್ತೂ ಬೇರೆ ಯಾರದೋ ರಿಪೋರ್ಟು.

"ಹಲೋ? ಅಕ್ಕಾ, ಕೇಳಿಸ್ತಾ?"

ಕೇಳಿಸಿತ್ತು. ಇನ್ನೊಂದು ಸಲ ಕೇಳಲಿ ಎಂದು, ರಿಸೀವರನ್ನು ಕಿವಿಗೆ ಒತ್ತಿಕೊಂಡು ಸುಮ್ಮನಿದ್ದಳು.