ಅಕ್ಕನ ಗಂಟಲು

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ಕಪ್ ಗೆಲ್ಲುವವರು ಯಾರೂ ಇಲ್ಲ. ಕಪ್ ಗೆದ್ದದ್ದು ಹಿಂದಿನ ವರ್ಷ, ಕೆಳಗಿನ ಲೀಗಿನಲ್ಲಿ. ಆಗ ಊರಿಗೆ ಊರೇ ಬೀದಿಗಿಳಿದು ಕುಣಿದಿತ್ತು. ಈಗ ಹೆಂಗಸರ ಆ ಫುಟ್‌ಬಾಲ್ ತಂಡ ಮೇಲಿನ ಲೀಗಿಗೆ ಹತ್ತಿ ಹದಿನಾರು ಪಂದ್ಯ ಮುಗಿದಿತ್ತು, ಅದರಲ್ಲಿ ಸೋತದ್ದು ಹನ್ನೊಂದು. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದು. ಕೊನೆಗುಳಿದ ತಂಡ ಗಂಟುಮೂಟೆ ಕಟ್ಟಿಕೊಂಡು ಮತ್ತೆ ಕೆಳಗಿಳಿಯಬೇಕು, ಅದು ನಿಯಮ. ಹುಡುಗಿಯರು ಹುಡುಗಿಯರು ಅಂತ ಪೇಪರಿನವರು ಬರೆದರೂ ಅರ್ಧಕ್ಕರ್ಧ ಜನ ಮೂವತ್ತರ ಹೊಸ್ತಿಲಲ್ಲಿದ್ದರು. ಒಂದು ಸಲ ಇಳಿದರೆ ಮತ್ತೆ ಹತ್ತುವ ಕಸುವು ಕಾಲಲ್ಲಿ ಉಳಿದಿರುವುದಿಲ್ಲ. ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವವರಿರಲಿಲ್ಲ.

ಗೋಲಿನಲ್ಲಿ ನಿಲ್ಲುವವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಮೂವತ್ತಾರು ವರ್ಷ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ. ಆಳೆತ್ತರದ ಮೆಷಿನ್ನುಗಳು ಎಂಟು, ಎಂಟೂ ಒಟ್ಟಿಗೆ ತಿರುಗಿದರೆ ಪಕ್ಕದವಳ ಮಾತು ಪಕ್ಕದವಳಿಗೆ ಕೇಳದು. ಆ ಗದ್ದಲದ ನಡುವೆ ಈ ತುದಿಯಿಂದ ಆ ತುದಿಗೆ "ಮೂರನೇ ವಾರ್ಡಿನ ಚಾದರ ಬಂತಾ?" ಎಂದು ಕೇಳಿ ಉತ್ತರ ತರಿಸಿಕೊಳ್ಳುವ ಗಂಟಲು ಅವಳೊಬ್ಬಳದೇ. ತಂಡಕ್ಕೆ ಹದಿನಾಲ್ಕು ವರ್ಷ ಅನ್ನ ಹಾಕಿದ್ದೂ ಅದೇ ಗಂಟಲು. ಯಾಕೆಂದರೆ ಡಿಫೆನ್ಸಿನ ನಾಲ್ವರಿಗೂ ಅವಳು ಒಂದೇ ಪಾಠ ಕಲಿಸಿದ್ದಳು: ಹಿಂದೆ ತಿರುಗಿ ನೋಡಬೇಡಿ, ನಿಮ್ಮ ಬೆನ್ನಿಗೆ ಕಣ್ಣು ನಾನು. ಚೆಂಡು ನೋಡಿ, ನನ್ನ ಮಾತು ಕೇಳಿ, ಅಷ್ಟೇ. "ಎಡಕ್ಕೆ!" ಎಂದರೆ ನಾಲ್ವರೂ ಎಡಕ್ಕೆ. "ಬಿಡು!" ಎಂದರೆ ಕಾಲು ಗಾಳಿಯಲ್ಲಿದ್ದರೂ ಅಲ್ಲೇ ನಿಲ್ಲುತ್ತಿತ್ತು. ಕೆಳಗಿನ ಲೀಗಿನಲ್ಲಿ ಮೈದಾನದ ಸುತ್ತ ನೂರು ಜನ ಇದ್ದರೆ ಹೆಚ್ಚು, ಅದರಲ್ಲಿ ನಲವತ್ತು ಜನ ನೆಂಟರು. ಅಕ್ಕನ ಮಾತು ಬೇಲಿಯಾಚೆಯ ಬಸ್ ಸ್ಟಾಪಿಗೂ ಕೇಳುತ್ತಿತ್ತು. ಕಪ್ ಗೆದ್ದ ವರ್ಷ ಇಡೀ ಲೀಗಿನಲ್ಲಿ ಅವರು ಬಿಟ್ಟುಕೊಟ್ಟದ್ದು ಒಂಬತ್ತೇ ಗೋಲು.

ನಾಲ್ವರಲ್ಲಿ ನಡುವೆ ನಿಲ್ಲುವವಳು ಅವಳ ಸ್ವಂತ ತಂಗಿ, ಪುಟ್ಟಿ. ಹೆಸರಿಗೆ ಪುಟ್ಟಿ, ಬಾಗಿಲು ದಾಟಬೇಕಾದರೆ ತಲೆ ಬಗ್ಗಿಸಬೇಕು, ಅಂಥ ಆಳು. ಟೈಲರಿಂಗ್ ಅಂಗಡಿಯಲ್ಲಿ ಕೆಲಸ. ಅಪ್ಪ ಹೋದಾಗ ಪುಟ್ಟಿಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೊಂದು. ಅಮ್ಮ ದುಡಿಯಲು ಹೊರಟ ದಿನದಿಂದ ತಲೆ ಬಾಚಿದ್ದು, ಸ್ಕೂಲಿಗೆ ಬಿಟ್ಟದ್ದು, ಮೊದಲ ಸಲ ಮೈದಾನಕ್ಕೆ ಎಳೆದುಕೊಂಡು ಹೋದದ್ದು ಎಲ್ಲ ಅಕ್ಕನೇ. "ನಂಗೆ ಇಬ್ಬರು ಅಮ್ಮಂದಿರು, ಅದ್ರಲ್ಲಿ ಒಬ್ಳು ಬೈಯೋಳು" ಎಂದು ಪುಟ್ಟಿ ಹೇಳಿಕೊಂಡು ತಿರುಗುತ್ತಿದ್ದಳು.

ಇನ್ನು ಅಕ್ಕನ ಮಂಡಿಯ ಸಂಗತಿ. ಈ ಸೀಸನ್ ಮುಗಿದ ಮೇಲೆ ಮೈದಾನ ಮರೆತುಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹಾಗಾಗಿ ಮೇಲಿನ ಲೀಗಿನಲ್ಲಿ ಅವಳಿಗಿದ್ದದ್ದು ಇದೊಂದೇ ವರ್ಷ, ಇಪ್ಪತ್ತೆರಡು ಪಂದ್ಯ. ಸೋಲಲಿ ಗೆಲ್ಲಲಿ, ಇಪ್ಪತ್ತೆರಡಕ್ಕೂ ತಾನೇ ನಿಲ್ಲಬೇಕು ಎಂಬ ಆಸೆ. ಹದಿನಾಲ್ಕು ವರ್ಷ ಕೆಸರಿನಲ್ಲಿ ಹೊರಳಿದವಳು ಅಷ್ಟು ಕೇಳಿದರೆ ಅತಿಯಾಸೆ ಎನ್ನುತ್ತೀರಾ?

ಆದರೆ ಮೇಲಿನ ಲೀಗಿನ ಸ್ಟೇಡಿಯಂ ಎಂದರೆ ಏನು ತಮಾಷೆಯೇ! ನಮ್ಮ ಹಳೇ ಮೈದಾನ ಸಾಲದು ಅಂತ ಲೀಗಿನವರು ಊರಾಚೆಯ ದೊಡ್ಡ ಸ್ಟೇಡಿಯಂ ಗೊತ್ತು ಮಾಡಿದರು. ಹತ್ತು ಸಾವಿರ ಜನ, ಡೋಲು, ಪೀಪಿ, ಮೈಕು. ಅಕ್ಕ ಕಿರುಚಿದ್ದು ಅವಳ ಬಾಯಿಂದ ಇಪ್ಪತ್ತು ಹೆಜ್ಜೆ ದಾಟಿದರೆ ದೊಡ್ಡದು. ಡಿಫೆನ್ಸಿನವರು ಮಾತಿಗಾಗಿ ಕಾದು ನಿಂತರು, ಮಾತು ಬರಲಿಲ್ಲ, ಗೋಲು ಬಂತು. ಮತ್ತೆ ಕಾದರು, ಮತ್ತೆ ಬಂತು. ಒಂದು ಸಲವಂತೂ ಪುಟ್ಟಿ ಎಡಕ್ಕೆ, ಡಿಫೆನ್ಸಿನಲ್ಲಿ ಅವಳ ಪಕ್ಕ ನಿಲ್ಲುವ ನರ್ಸಮ್ಮ ಬಲಕ್ಕೆ ಓಡಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿ, ನಡುವೆ ತೇರು ಹೋಗುವಂಥ ದಾರಿ ಬಿಟ್ಟುಕೊಟ್ಟರು. ಅಕ್ಕನಿಗೆ ತಿಳಿದದ್ದು ಒಂದೇ ಮದ್ದು, ಇನ್ನೂ ಜೋರಾಗಿ ಕೂಗುವುದು. ಶನಿವಾರ ಕೂಗಿ, ಪರವೂರಿನ ಪಂದ್ಯವಾದರೆ ಭಾನುವಾರ ಬಸ್ಸಿನಲ್ಲಿ ಬೆನ್ನು ನೋಯಿಸಿಕೊಂಡು ಬಂದು, ಸೋಮವಾರ ಆರಕ್ಕೆ ಲಾಂಡ್ರಿಯ ಹಬೆಯಲ್ಲಿ ಮತ್ತೆ ಕೂಗುವುದು. ವಾರ ಎಂದರೆ ಇಷ್ಟೇ ಆಗಿಹೋಯಿತು. ಸುಸ್ತು ಮೈಯಿಂದ ಇಳಿಯುವುದನ್ನೇ ಮರೆತಿತ್ತು.

ಹದಿನೇಳನೇ ಪಂದ್ಯದ ದಿನ ಬೆಳಿಗ್ಗೆ ಎದ್ದು "ಅಮ್ಮಾ, ಟೀ" ಎನ್ನಲು ಹೋದರೆ ಗಂಟಲಿಂದ ಬರೀ ಗಾಳಿ.

"ಬಾಯಿದ್ದವಳು ಬರಗಾಲದಲ್ಲೂ ಬದುಕ್ತಾಳೆ ಅಂತಿದ್ದೆ. ಈಗ ಬಾಯೇ ಹೋಯ್ತಲ್ಲೇ!" ಎಂದು ಅಮ್ಮ ಉಪ್ಪುನೀರು ಕಾಯಿಸಿ ಕೊಟ್ಟಳು.

ಅವತ್ತಿನ ಎದುರಾಳಿ ಲೀಗಿನಲ್ಲಿ ಎಲ್ಲರಿಗಿಂತ ಮೇಲಿದ್ದ ತಂಡ. ಬಸ್ಸಿನಲ್ಲೇ ಅಕ್ಕ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಕೈಸನ್ನೆಯಲ್ಲಿ ತಿಳಿಸಿದಳು, ಇವತ್ತು ನನ್ನಿಂದ ಒಂದಕ್ಷರವೂ ಇಲ್ಲ. ಪುಟ್ಟಿಯ ಮುಖ ಬಿಳುಚಿಕೊಂಡಿತು. "ಹಾಗಾದ್ರೆ ಹತ್ತು ಗೋಲು ಗ್ಯಾರಂಟಿ ಬಿಡು" ಎಂದಳು ನರ್ಸಮ್ಮ.

ಆದದ್ದು ಒಂದೇ ಗೋಲು. ಅದೂ ಪೆನಾಲ್ಟಿ.

ಕೂಗುವವರಿಲ್ಲ ಎಂದು ಗೊತ್ತಾದ ಮೇಲೆ ನಾಲ್ವರೂ ಹೆದರಿ ಕಂಗಾಲಾಗಿ, ಕಳ್ಳರು ಬಂದ ಮನೆಯವರ ಹಾಗೆ ನಿಮಿಷಕ್ಕೆ ಹತ್ತು ಸಲ ಹಿಂದೆ ಮುಂದೆ ನೋಡಿದರು. ನೋಡಿದ್ದರಿಂದ ಕಂಡಿತು, ಕಂಡಿದ್ದರಿಂದ ತಡೆದರು. ಇದನ್ನು ಗೋಲಿನ ಬಾಯಲ್ಲಿ ನಿಂತು ಕಂಡದ್ದು ಅಕ್ಕ ಒಬ್ಬಳೇ. ಉಳಿದವರೆಲ್ಲ "ಅದೃಷ್ಟ ಕಣ್ರೇ! ಅಕ್ಕ, ಬೇಗ ಗಂಟಲು ಸರಿಮಾಡ್ಕೋ" ಎಂದರು. ಅಕ್ಕ ತಲೆಯಾಡಿಸಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಇಷ್ಟು ದಿನ ಅವರ ಕಾಲಿಗೆ ತೊಡರಿದ್ದು ಡೋಲೂ ಅಲ್ಲ, ಪೀಪಿಯೂ ಅಲ್ಲ. ತನ್ನ ಗಂಟಲು. ಬೆನ್ನಿಗೆ ಕಣ್ಣಾಗುತ್ತೇನೆ ಎಂದು ಹೋಗಿ, ಮುಖದಲ್ಲಿದ್ದ ಕಣ್ಣಿಗೇ ತಾನು ಬಟ್ಟೆ ಕಟ್ಟಿದ್ದಳು.

ಹದಿನೆಂಟನೇ ಪಂದ್ಯಕ್ಕೆ ಗಂಟಲು ಬಂದಿತ್ತು. ಅಕ್ಕ ಮನಸ್ಸಿನಲ್ಲೇ ಆಣೆ ಹಾಕಿಕೊಂಡಳು, ಗಂಟಲಿದ್ದರೂ ಕೂಗುವುದಿಲ್ಲ, ಸುಮ್ಮನೆ ನಿಲ್ಲುತ್ತೇನೆ. ಆದರೆ ಗಂಟಲು ಬಂದ ಸುದ್ದಿ ಹುಡುಗಿಯರಿಗೂ ಗೊತ್ತಿತ್ತಲ್ಲ! ಮತ್ತೆ ಬೆನ್ನು ಅಕ್ಕನಿಗೆ ಒಪ್ಪಿಸಿ ನೆಮ್ಮದಿಯಾಗಿ ನಿಂತರು. ಹತ್ತನೇ ನಿಮಿಷಕ್ಕೆ ಪುಟ್ಟಿಯ ಬೆನ್ನ ಹಿಂದಿನಿಂದ ಒಬ್ಬಳು ನುಸುಳಿ ಬಂದು ಚೆಂಡನ್ನು ಬಲೆಗೆ ಹಾಕಿ ಹೋದಳು.

ಪುಟ್ಟಿ ತಿರುಗಿ ನಿಂತಳು. "ಅಕ್ಕಾ, ಯಾಕೆ ಕೂಗ್ಲಿಲ್ಲ ನೀನು?" ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಕತ್ತಲಲ್ಲಿ ಕೈಬಿಟ್ಟ ಮಗು ಕೇಳುವಂತೆ ಕೇಳಿದಳು.

ಅಕ್ಕನಿಗೆ ತಡೆಯಲಾಗಲಿಲ್ಲ. ಆಣೆ ಹನ್ನೊಂದನೇ ನಿಮಿಷಕ್ಕೆ ಮುರಿಯಿತು. ಕೂಗಿದಳು. ಮೂರು ಗೋಲಿನಿಂದ ಸೋತರು. ಹತ್ತೊಂಬತ್ತನೆಯದರಲ್ಲಿ ಬಾಯಿ ಹರಿಯುವ ಹಾಗೆ ಕೂಗಿದಳು. ಐದು.

ಈ ಐದು ಗೋಲಿನ ಲೆಕ್ಕವನ್ನು ಅಕ್ಕನ ತಲೆಗೇ ಕಟ್ಟಬೇಕು, ನಾನು ಮುಲಾಜು ನೋಡುವುದಿಲ್ಲ. ಕಾರಣ ಗೊತ್ತಿತ್ತು, ಪರಿಹಾರವೂ ಗೊತ್ತಿತ್ತು. ಆದರೂ ಇನ್ನೊಂದು ಪಂದ್ಯ, ಇನ್ನೊಂದೇ ಒಂದು ಎಂದು ಗ್ಲೌಸು ಹಾಕಿಕೊಂಡು ಹೋಗಿ ನಿಂತಿದ್ದಳು. ಸೋಮವಾರ ಲಾಂಡ್ರಿಯಲ್ಲಿ ಚಾದರ ಮಡಿಸುತ್ತಾ ಮಡಿಸುತ್ತಾ ತನ್ನ ಮೇಲೆಯೇ ಹೇಸಿಗೆಯಾಯಿತು. ಜೊತೆಯವಳು "ಯಾಕ್ರೀ ಸುಮ್ನಿದೀರಾ?" ಎಂದರೆ "ಮಂಡಿ ನೋವು" ಎಂದಳು.

ಗುರುವಾರ ಸಂಜೆ ಪ್ರಾಕ್ಟೀಸು ಮುಗಿದ ಮೇಲೆ ಕೋಚ್ ಹತ್ತಿರ ಹೋದಳು. ಕೋಚ್ ಎಂದರೆ ಸ್ಕೂಲಿನಲ್ಲಿ ಆಟ ಕಲಿಸಿ ರಿಟೈರಾದವರು, ಎಲ್ಲರಿಗೂ ಮೇಷ್ಟ್ರು. ಸಾಮಾನಿನ ಕೋಣೆಯಲ್ಲಿ ಚೆಂಡುಗಳಿಗೆ ಗಾಳಿ ಹಾಕುತ್ತಿದ್ದರು.

"ಮೇಷ್ಟ್ರೇ, ಉಳಿದ ಮೂರು ಪಂದ್ಯಕ್ಕೆ ಮೌನಗೌರೀನ ನಿಲ್ಸಿ."

ಮೌನಗೌರಿ ಎಂದರೆ ಬದಲಿ ಗೋಲ್‌ಕೀಪರ್. ಔಷಧಿ ಅಂಗಡಿಯಲ್ಲಿ ಕೆಲಸ, ಗಿರಾಕಿಗೆ ಕೂಡ ಮಾತ್ರೆಯ ಚೀಟಿ ತೋರಿಸಿ ಬೆರಳೆತ್ತುವಳೇ ಹೊರತು ಬಾಯಿ ಬಿಡಳು. ಎರಡು ವರ್ಷದಿಂದ ಬೆಂಚು ಕಾಯುತ್ತಿದ್ದಳು.

ಮೇಷ್ಟ್ರು ಪಂಪು ನಿಲ್ಲಿಸಿದರು. ಅಕ್ಕ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ಒಳಗೊಂದು ಕಳ್ಳ ಆಸೆ ಕೂತಿತ್ತು: ಛೆ ಛೆ, ಏನು ಮಾತು ಅಂತ ಆಡ್ತೀಯಮ್ಮಾ, ನೀನಿಲ್ಲದೆ ಈ ತಂಡ ಉಂಟಾ ಎಂದು ಅವರು ಅಡ್ಡ ಹಾಕಬೇಕು. ಒಂದೇ ಒಂದು ಸಲ ಬೇಡ ಎಂದರೂ ಸಾಕಿತ್ತು.

"ಆಯ್ತಮ್ಮಾ" ಎಂದರು ಮೇಷ್ಟ್ರು. ಚೆಂಡಿನಿಂದ ಪಂಪಿನ ಸೂಜಿ ಕಿತ್ತು, "ನಾನೇ ಹೇಳ್ಬೇಕಿತ್ತು. ನಿನ್ನ ಮುಖ ನೋಡಿ ಬಾಯಿ ಬರ್ಲಿಲ್ಲ" ಎಂದರು.

ಹಾಗಾದರೆ ಇವರಿಗೂ ಗೊತ್ತಿತ್ತು! ಅಕ್ಕ ಬಾಗಿಲ ಕಡೆ ತಿರುಗಿದಳು. "ಹುಡುಗೀರಿಗೆ ಮಂಡಿ ಅಂತ ಹೇಳಿ. ಅದರಲ್ಲೂ ಪುಟ್ಟಿಗೆ ಬೇರೇನೂ ಹೇಳ್ಬೇಡಿ. ತನ್ನಿಂದ ಆಯ್ತು ಅಂತ ಕೊರಗ್ತಾಳೆ" ಎಂದು ಹೇಳಿ ಹೊರಟಳು.

ಮಂಡಿಯ ಸುಳ್ಳನ್ನು ಎಲ್ಲರೂ ನಂಬಿದರು. ಮನೆಯಲ್ಲಿ ಪುಟ್ಟಿ ಬಿಸಿನೀರಿನ ಬ್ಯಾಗು ತಂದು ತಂದು ಇಟ್ಟು, ಅಷ್ಟೇನೂ ನೋಯದಿದ್ದ ಮಂಡಿಗೆ ಬೊಬ್ಬೆ ಬರುವ ಹಾಗೆ ಮಾಡಿದಳು. "ನೀನಿಲ್ದೆ ನಾನು ಹೇಗೇ ನಿಲ್ಲಲಿ ಅಲ್ಲಿ?" ಎಂದು ಶನಿವಾರ ಬೆಳಿಗ್ಗೆ ಅತ್ತೂಬಿಟ್ಟಳು. ಅಕ್ಕನಿಗೆ, ನಿಜ ಹೇಳಬೇಕೆಂದರೆ, ಆ ಅಳು ಹಿತವಾಗಿತ್ತು.

ಇಪ್ಪತ್ತನೇ ಪಂದ್ಯ ಸೋತರು, ಎರಡಕ್ಕೆ ಒಂದು. ಇಪ್ಪತ್ತೊಂದನೆಯದನ್ನು ಗೆದ್ದರು. ಹೇಗೆ ಗೆದ್ದರು ಎಂದು ಗೆದ್ದವರಿಗೇ ಗೊತ್ತಾಗಲಿಲ್ಲ, ಕಾರ್ನರಿನಿಂದ ಬಂದ ಚೆಂಡು ನರ್ಸಮ್ಮನ ಬೆನ್ನಿಗೆ ತಾಗಿ ಒಳಗೆ ಹೋಯಿತು. ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದ ತಂಡ ತನ್ನ ಕೊನೆಯ ಪಂದ್ಯವನ್ನೂ ಸೋತು ಇವರಷ್ಟೇ ಅಂಕಕ್ಕೆ ನಿಂತಿತು. ಇನ್ನು ಕೊನೆಯದರಲ್ಲಿ ಡ್ರಾ ಆದರೂ ಸಾಕು, ಉಳಿಯುತ್ತಾರೆ.

ಇಪ್ಪತ್ತೆರಡನೇ ಪಂದ್ಯ ಅಕ್ಕ ನೋಡಿದ್ದು ಬೆಂಚಿನ ಮೇಲೆ ಕೂತು. ಮೊದಲರ್ಧ ಗೋಲಿಲ್ಲ. ಎರಡನೇ ಅರ್ಧವೂ ಗೋಲಿಲ್ಲದೆ ತೆವಳಿಕೊಂಡು ಬಂತು. ಹುಡುಗಿಯರಿಗೆ ಕಾಲೆತ್ತಲೂ ಆಗುತ್ತಿರಲಿಲ್ಲ, ಒಬ್ಬೊಬ್ಬರಾಗಿ ಸೊಂಟ ಹಿಡಿದು ನಿಲ್ಲುತ್ತಿದ್ದರು. ಪುಟ್ಟಿಯ ಎರಡೂ ಕಾಲ್ಚೀಲ ಜಾರಿಹೋಗಿತ್ತು. ಮೌನಗೌರಿ ಗೋಲಿನಲ್ಲಿ ಕಂಬದ ಜೊತೆ ಮೂರನೇ ಕಂಬವಾಗಿ ನಿಂತಿದ್ದಳು.

ಎಂಬತ್ತೇಳನೇ ನಿಮಿಷ. ಚೆಂಡು ಆಚೆ ಅಂಚಿನಲ್ಲಿತ್ತು. ಪುಟ್ಟಿ ಈಚೆ ಅಂಚಿಗೆ ಸರಿದಿದ್ದಳು, ಬೆಂಚಿನಿಂದ ಹದಿನೈದು ಹೆಜ್ಜೆ ಇದ್ದರೆ ಹೆಚ್ಚು. ಅವಳ ಬೆನ್ನ ಹಿಂದೆ ಒಬ್ಬಳು ಫಾರ್ವರ್ಡ್ ಮೆಲ್ಲಗೆ, ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಜಾರುತ್ತಿದ್ದಳು. ಆಚೆಯಿಂದ ಚೆಂಡು ಎದ್ದಿತು.

ಅಕ್ಕ ಎದ್ದು ನಿಂತಳು. ಹದಿನೈದು ಹೆಜ್ಜೆ! ಹತ್ತು ಸಾವಿರವಲ್ಲ, ಇಪ್ಪತ್ತು ಸಾವಿರ ಜನ ಕೂಗಿದರೂ ಅವಳ ದನಿ ಅಲ್ಲಿಗೆ ಮುಟ್ಟುತ್ತಿತ್ತು. "ಹಿಂದೆ!" ಎಂಬ ಮಾತು ನಾಲಿಗೆಯ ತುದಿಗೆ ಬಂದಾಗಿತ್ತು. ಕೂಗಿದರೆ ಪುಟ್ಟಿಗೆ ಕೇಳುತ್ತದೆ. ಕೇಳಿದರೆ, ಮಾತು ಬಂದ ಕಡೆಗೆ ಕಿವಿ ಕೊಟ್ಟು, ಮುಂದಿನ ಮಾತಿಗಾಗಿ ಕಾಯುತ್ತಾಳೆ. ಅಕ್ಕ ಮುಷ್ಟಿಯನ್ನು ಬಾಯೊಳಗೆ ತುರುಕಿ ಕಚ್ಚಿದಳು. ಕಚ್ಚಿದ್ದು ಎಷ್ಟು ಜೋರೆಂದರೆ ಬೆರಳಿನ ಗೆಣ್ಣು ಒಡೆದು ರಕ್ತ ಬಂತು.

ಪುಟ್ಟಿ ತಾನಾಗಿಯೇ ಕತ್ತು ತಿರುಗಿಸಿದಳು. ನೋಡಿದಳು. ಎರಡು ಹೆಜ್ಜೆ ಹಿಂದಕ್ಕಿಟ್ಟು, ಮೈಯಲ್ಲಿ ಉಳಿದಿದ್ದ ಅಷ್ಟೂ ಶಕ್ತಿ ಒಟ್ಟುಮಾಡಿ ಹಾರಿ, ಆ ಫಾರ್ವರ್ಡಿನ ನೆತ್ತಿಯ ಮೇಲಿಂದ ಚೆಂಡನ್ನು ತಲೆಯಲ್ಲಿ ಗುದ್ದಿ ಗೆರೆಯಾಚೆ ಕಳಿಸಿದಳು. ಮೂರು ನಿಮಿಷ, ಮೇಲೆ ಇನ್ನೆರಡು ನಿಮಿಷ, ಆಮೇಲೆ ರೆಫರಿಯ ಸೀಟಿ. ಡ್ರಾ. ಉಳಿದುಕೊಂಡರು. ಮೇಷ್ಟ್ರು ನೆಲದ ಮೇಲೆ ಕೂತುಬಿಟ್ಟರು.

ಡ್ರೆಸ್ಸಿಂಗ್ ರೂಮಿನಲ್ಲಿ ಕುಣಿದವರು ಕಡಿಮೆ. ಹೆಚ್ಚಿನವರು ಕಾಲು ಚಾಚಿ ಬಿದ್ದುಕೊಂಡಿದ್ದರು, ಯಾರೋ ಅಳುತ್ತಿದ್ದರು, ಯಾರೋ ಆಗಲೇ ಗೊರಕೆ ಹೊಡೆಯುತ್ತಿದ್ದರು. ಮೌನಗೌರಿ ಅಕ್ಕನ ಮುಂದೆ ಬಂದು ನಿಂತು, ತಲೆ ಬಗ್ಗಿಸಿ ಹೋದಳು. ಪುಟ್ಟಿ ಬಂದು ಅಕ್ಕನ ಭುಜಕ್ಕೆ ಇಡೀ ಭಾರ ಹಾಕಿ ಒರಗಿದಳು. ಮೈಯೆಲ್ಲ ಬೆವರು, ಹುಲ್ಲು. ಮುಖದಲ್ಲಿ ಅಕ್ಕ ಈ ಇಡೀ ವರ್ಷ ನೋಡದಿದ್ದ ಬೆಳಕು.

"ಅಕ್ಕಾ, ನೋಡಿದ್ಯಾ? ಕೊನೇಲಿ ಬಂದ್ಲಲ್ಲ, ಅವಳನ್ನ ನಾನೇ ನೋಡ್ದೆ. ನಾನೇ!"

"ನೋಡ್ದೆ ಕಣೇ."

"ಎಷ್ಟು ಚೆನ್ನಾಗಿತ್ತು ಗೊತ್ತಾ ಇವತ್ತು? ಭಯಾನೇ ಆಗ್ಲಿಲ್ಲ. ನೀನು ಹಿಂದೆ ಇಲ್ಲ ಅನ್ನೋದು ಒಂದ್ಸಲಾನೂ ನೆನಪಿಗೇ ಬರ್ಲಿಲ್ಲ, ಗೊತ್ತಾ!"

ಹೇಳಿಬಿಟ್ಟ ಮೇಲೆ ಪುಟ್ಟಿಗೆ ಹೊಳೆಯಿತು. ಕೈ ಬಾಯಿಗೆ ಹೋಯಿತು. "ಅಯ್ಯೋ, ನಾನು ಹಾಗಲ್ಲ ಹೇಳಿದ್ದು..."

"ಹಾಗೇ ಹೇಳಿದ್ದು. ಸರಿಯಾಗೇ ಹೇಳ್ದೆ" ಎಂದಳು ಅಕ್ಕ. ಪುಟ್ಟಿಯ ಕೂದಲಿಗೆ ಅಂಟಿದ್ದ ಹುಲ್ಲನ್ನು ಒಂದೊಂದಾಗಿ ತೆಗೆದಳು. ಸಂತೋಷವಾಗಿತ್ತು. ಹೊಟ್ಟೆಯೂ ಉರಿಯುತ್ತಿತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ಯಾರಾದರೂ ಕೇಳಿದ್ದರೆ, ಸುಳ್ಳು ಹೇಳುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ, ಉರಿಯೇ ಹೆಚ್ಚು ಎಂದುಬಿಡುತ್ತಿದ್ದಳು. ಪುಣ್ಯಕ್ಕೆ ಯಾರೂ ಕೇಳಲಿಲ್ಲ. ಪುಟ್ಟಿ ಅಲ್ಲೇ, ಅವಳ ಭುಜದ ಮೇಲೆಯೇ ನಿದ್ದೆಹೋದಳು.